ಮುದ್ರಿತ ನಂಬರ್, ಒಳಗಿನ ತಂತಿ

ಕ್ಯಾಟ್ ಫೈವ್-ಇಗಿಂತ ಸಿಕ್ಸ್ ಮೇಲು, ಸಿಕ್ಸ್‌ಗಿಂತ ಸೆವೆನ್ ಮೇಲು. ಭಾಲ್ಕಿಯಲ್ಲಿ ಮನೆಗೋ ಅಂಗಡಿಗೋ ನೆಟ್‌ವರ್ಕ್ ಕೇಬಲ್ ಹಾಕಿಸುವವರು ಇಷ್ಟು ತಿಳಿದರೆ ಸಾಕೆಂದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಈ ಮಾತು ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ಮರೆಸುತ್ತದೆ: ಒಳಗಿನ ತಂತಿ ಅಪ್ಪಟ ತಾಮ್ರವೋ, ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಮ್ಮೋ?

ಇಲ್ಲಿನ ಅಡತ್ ಅಂಗಡಿಯೊಂದರ ಗೋದಾಮಿನ ಕ್ಯಾಮೆರಾ ಹಗಲೆಲ್ಲ ಸರಿಯಿದ್ದು, ಮುಸ್ಸಂಜೆಯಾದೊಡನೆ ಬಂದ್ ಆಗಿ ಮತ್ತೆ ಶುರುವಾಗುತ್ತಿತ್ತು. ಎರಡು ಕ್ಯಾಮೆರಾ ಬದಲಾಯಿಸಿದ್ದರು. ಕೇಬಲ್ ಮೇಲೆ ‘ಕ್ಯಾಟ್ ಸಿಕ್ಸ್’ ಎಂದಿದ್ದರಿಂದ ಅದರ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ನಾನು ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆದೆ; ಕೆಂಪು ಹೋಗಿ ಬಿಳಿ ಲೋಹ ಹೊಳೆಯಿತು. ಅಲ್ಯೂಮಿನಿಯಮ್ಮಿನ ರೋಧ ತಾಮ್ರದ ಒಂದೂವರೆ ಪಟ್ಟಿಗೂ ಹೆಚ್ಚು. ಕ್ಯಾಮೆರಾಕ್ಕೆ ಕರೆಂಟೂ ಆ ಕೇಬಲ್‌ನಲ್ಲೇ ಹೋಗುತ್ತಿತ್ತು. ಕತ್ತಲಾಗಿ ಇನ್‌ಫ್ರಾರೆಡ್ ದೀಪ ಹತ್ತಿದಾಗ ಕರೆಂಟಿನ ಎಳೆತ ಏರಿ, ಎಂಬತ್ತು ಮೀಟರ್ ಆಚೆಗೆ ವೋಲ್ಟೇಜ್ ಸಾಲುತ್ತಿರಲಿಲ್ಲ. ಅಪ್ಪಟ ತಾಮ್ರದ ಕ್ಯಾಟ್ ಫೈವ್-ಇ ಎಳೆದ ಮೇಲೆ ಅದೇ ಕ್ಯಾಮೆರಾ ರಾತ್ರಿಯಿಡೀ ನಡೆಯಿತು. ಕೇಬಲ್‌ಗಳಿಗೆ ಮಾನದಂಡ ರೂಪಿಸುವ ಟಿಐಎ ಸಂಸ್ಥೆಯ ಪ್ರಕಾರ ವಾಹಕ ತಾಮ್ರದ್ದೇ ಇರಬೇಕು. ಅಂದರೆ ಆ ಮುದ್ರೆಯೇ ಸುಳ್ಳು.

‘ಮುಂದಿನ ಇಪ್ಪತ್ತು ವರ್ಷಕ್ಕೆ ದೊಡ್ಡ ನಂಬರ್ ಬೇಡವೇ?’ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಕ್ಯಾಟ್ ಫೈವ್-ಇ ನೂರು ಮೀಟರ್‌ವರೆಗೆ ಒಂದು ಗಿಗಾಬಿಟ್ ಒಯ್ಯುತ್ತದೆ. ನೂರಿನ್ನೂರು ಎಂಬಿಪಿಎಸ್ ಪ್ಲ್ಯಾನಿನ ಮನೆಗೆ ಅದು ಧಾರಾಳ. ಕ್ಯಾಟ್ ಸಿಕ್ಸ್ ಹತ್ತು ಗಿಗಾಬಿಟ್ ಒಯ್ಯುವುದು ಸುಮಾರು 55 ಮೀಟರ್‌ವರೆಗೆ ಮಾತ್ರ. ಹೊಸ ಮನೆಯ ಗೋಡೆಯೊಳಗೆ ಪೈಪ್ ಹಾಕುವಾಗ ಅಪ್ಪಟ ತಾಮ್ರದ ಸಿಕ್ಸ್ ಹಾಕಿಸಿ, ನನ್ನ ತಕರಾರಿಲ್ಲ. ದುಡ್ಡು ಬಿಗಿಯಿದ್ದರೆ ಲೇಪದ ಸಿಕ್ಸ್ ಬಿಟ್ಟು ತಾಮ್ರದ ಫೈವ್-ಇ ತನ್ನಿ. ಕ್ಯಾಟ್ ಸೆವೆನ್ ಅನ್ನು ಟಿಐಎ ಅಂಗೀಕರಿಸಿಯೇ ಇಲ್ಲ. ಅದರ ಕವಚಕ್ಕೆ ಸರಿಯಾದ ಅರ್ಥಿಂಗ್ ಕೊಡದಿದ್ದರೆ ಕೊಟ್ಟ ಹಣ ವ್ಯರ್ಥ.

ನಂಬರಿನ ಮೋಹದಲ್ಲಿ ಮರೆತ ಇನ್ನೊಂದು ಸಂಗತಿ ನಮ್ಮ ಬಿಸಿಲು. ಮಾಳಿಗೆಯ ಮೇಲೆ ಒಳಾಂಗಣದ ಬೂದು ಕೇಬಲ್ ಎಳೆದರೆ ಕೆಲವೇ ಬೇಸಿಗೆಗಳಲ್ಲಿ ಅದರ ಮೈ ಬಿರಿಯುತ್ತದೆ, ಮಳೆನೀರು ಒಳಗಿಳಿಯುತ್ತದೆ. ಹೊರಗೆ ಪಾಲಿಥೀನ್ ಹೊದಿಕೆಯ ಕಪ್ಪು ಕೇಬಲ್ಲೇ ಬೇಕು. ಅಂಗಡಿಯಿಂದ ಎದುರಿನ ಗೋದಾಮಿಗೆ, ಅಂದರೆ ಕಟ್ಟಡದಿಂದ ಕಟ್ಟಡಕ್ಕೆ, ತಾಮ್ರವನ್ನೇ ಬಿಟ್ಟು ಫೈಬರ್ ಎಳೆಯಿರಿ: ಮುಂಗಾರಿಗೆ ಮುಂಚಿನ ಸಿಡಿಲಿನ ಹೊಡೆತ ತಾಮ್ರದ ದಾರಿ ಹಿಡಿದು ಸ್ವಿಚ್ಚಿನವರೆಗೆ ಬರಬಲ್ಲದು, ಗಾಜಿನೆಳೆಯಲ್ಲಿ ಬಾರದು.

ಬಂಡಲ್ ಕೊಳ್ಳುವ ಮೊದಲು ಗಲ್ಲೆಯ ಮುಂದೆಯೇ ಒಂದು ಗೇಣು ಕತ್ತರಿಸಿ ಕೆರೆದು ನೋಡಿ. ರಸೀದಿಯಲ್ಲಿ ‘ಅಪ್ಪಟ ತಾಮ್ರ’ ಎಂದು ಬರೆಸಿಕೊಳ್ಳಿ.