ಒಂದೇ ಚಪ್ಪಾಳೆ, ಹಲವು ಬಾಯಿ

2002ರಲ್ಲಿ ಗ್ರೀನ್‌ಸ್ಲೀವ್ಸ್ ಕಂಪನಿ ತನ್ನ ‘ರಿದಂ ಆಲ್ಬಂ’ ಮಾಲಿಕೆಯ 27ನೆಯದಾಗಿ ತಂದ ಸಂಕಲನದ ಹೆಸರು ‘ದೀವಾಲಿ’. (ಕನ್ನಡದಲ್ಲಿ ಬರೆಯುವಾಗ ಅಕ್ಷರ ಸ್ವಲ್ಪ ಜಾರಿದರೆ ಹಬ್ಬ ಹೋಗಿ ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೆ!) ಹೆಸರು ನೋಡಿ ಇದರಲ್ಲಿ ತಬಲಾ, ಸಿತಾರ್ ಹುಡುಕುವುದು ಬೇಡ. ಇದು ಅಪ್ಪಟ ಜಮೈಕಾದ ಡಾನ್ಸ್‌ಹಾಲ್, ರೆಗ್ಗೆಯ ಮಗು. ಅಲ್ಲಿ ಹಾಡುಗಾರ ಬರುವ ಮುಂಚೆಯೇ ಸಿದ್ಧವಾಗಿರುವ ವಾದ್ಯಸಂಗೀತವನ್ನು ‘ರಿಡಿಮ್’ ಎನ್ನುತ್ತಾರೆ. ಈ ರಿಡಿಮ್ ಕಟ್ಟಿದ್ದು ಸ್ಟೀವನ್ ‘ಲೆಂಕಿ’ ಮಾರ್ಸ್‌ಡೆನ್. ನಾವು ಕಾಯುವ ಜಾಗದಲ್ಲಿ ಬೀಳದೆ ಕೊಂಚ ಆಚೀಚೆ ಬೀಳುವ ಚಪ್ಪಾಳೆ, ಅದರಡಿ ಡ್ರಮ್, ಹೆಚ್ಚೇನಿಲ್ಲ. ಅದರ ಮೇಲೆ ಒಬ್ಬೊಬ್ಬರೇ ಬಂದು ತಮ್ಮ ಮಾತು, ತಮ್ಮ ಧಾಟಿ ಕೂರಿಸಿ ಹೋಗುತ್ತಾರೆ.

ಈ ಪದ್ಧತಿ ಹೊಸದೇನಲ್ಲ. ಸ್ಲಿಮ್ ಸ್ಮಿತ್ ಮತ್ತು ಯುನೀಕ್ಸ್ ತಂಡ 1968ರಲ್ಲಿ ಹಾಡಿದ ‘ಮೈ ಕಾನ್ವರ್ಸೇಶನ್’ ಎಂಬ ಹಾಡಿನ ವಾದ್ಯವೊಂದನ್ನೇ ಇಟ್ಟುಕೊಂಡು ರೂಪಿ ಎಡ್ವರ್ಡ್ಸ್ 1974ರಲ್ಲಿ ‘ಯಮಾಹಾ ಸ್ಕ್ಯಾಂಕ್’ ಎಂಬ ಇಡೀ ಆಲ್ಬಂ ತಂದಿದ್ದರು.

ಇದು ಕಲೆಯಲ್ಲ, ಬರೀ ಮಿತವ್ಯಯ ಎನ್ನುವವರಿದ್ದಾರೆ. ಮಿತವ್ಯಯ ನಿಜ. ಒಂದು ಸಲ ವಾದ್ಯ ಸಿದ್ಧಪಡಿಸಿ ಹತ್ತಾರು ಹಾಡು ಮಾರುವ ವ್ಯಾಪಾರವಿದು. ಆದರೆ ಆ ಜಿಪುಣತನವೇ ಕೇಳುವ ಕಿವಿಯನ್ನು ಹರಿತಗೊಳಿಸುತ್ತದೆ ಎಂಬುದು ನನ್ನ ಅನುಭವ. ಇದೇ ರಿಡಿಮ್‌ನ ಮೇಲೆ ವೇಯ್ನ್ ವಂಡರ್ ‘ನೋ ಲೆಟಿಂಗ್ ಗೋ’ ಎಂದು ಪ್ರೇಮದ ಹಾಡು ಹಾಡುತ್ತಾನೆ. ಬೌಂಟಿ ಕಿಲ್ಲರ್ ‘ಸಫರರ್’ನಲ್ಲಿ ಬಡವರ ಪಾಡನ್ನು ಒದರುತ್ತಾನೆ. ಒಂದರ ಬೆನ್ನಿಗೆ ಇನ್ನೊಂದನ್ನು ಹಾಕಿ ನೋಡಿ. ವಂಡರ್‌ನ ದನಿಯ ಕೆಳಗೆ ಆ ಚಪ್ಪಾಳೆ ಗೆಳೆಯರ ಕೂಟದ್ದು. ಕಿಲ್ಲರ್‌ನ ದನಿಯ ಕೆಳಗೆ ಅದೇ ಚಪ್ಪಾಳೆ ಯಾರೋ ಬಾಗಿಲು ಬಡಿದಂತೆ. ವಾದ್ಯ ಒಂದಿಷ್ಟೂ ಬದಲಾಗಿಲ್ಲ. ಬದಲಾದದ್ದು ಉಸಿರು ಎಲ್ಲಿ ನಿಂತಿತು, ಪದ ಎಲ್ಲಿ ಬಿತ್ತು ಎಂಬುದಷ್ಟೇ. ಛಂದಸ್ಸಿನ ಪಾಠದಲ್ಲಿ ಗಣ ಹಾಕಿ ಸುಸ್ತಾದ ವಿದ್ಯಾರ್ಥಿಗಳು ಇದನ್ನೊಮ್ಮೆ ಕೇಳಬೇಕು.

ಸೀನ್ ಪಾಲ್ ಇದರ ಮೇಲೆ ಹಾಡಿದ ‘ಗೆಟ್ ಬಿಜಿ’ 2003ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಅದು ಬಿಡಿಯಾಗಿ ರೇಡಿಯೋದಲ್ಲಿ ಕೇಳಿದಾಗ ಪಾಲ್‌ನದೇ ಸ್ವತ್ತು ಅನಿಸುತ್ತದೆ. ಉಳಿದವರ ನಡುವೆ ಕೇಳಿದಾಗ ಅವನೂ ಸರತಿಯಲ್ಲಿ ನಿಂತ ಒಬ್ಬ.

ನನಗೆ ಇರಿಸುಮುರಿಸಾಗುವುದು ಇನ್ನೊಂದು ಕಡೆ. ರಿಡಿಮ್ ಯಾರಿಗೂ ಬೇಡವೆನ್ನುವುದಿಲ್ಲ. ಡಾನ್ಸ್‌ಹಾಲ್‌ನ ಕೆಲವು ಹಾಡುಗಳಲ್ಲಿ ಸಲಿಂಗಪ್ರೇಮಿಗಳ ಮೇಲೆ ಕಾರುವ ದ್ವೇಷ ಎಲ್ಲರಿಗೂ ಗೊತ್ತಿರುವಂಥದ್ದು. ಒಳ್ಳೆಯ ರಿಡಿಮ್ ಪ್ರೀತಿಯನ್ನು ಹೊತ್ತಷ್ಟೇ ಸಲೀಸಾಗಿ ಆ ವಿಷವನ್ನೂ ಹೊರುತ್ತದೆ, ನಮ್ಮ ಕಾಲೂ ಎರಡಕ್ಕೂ ಒಂದೇ ಥರ ತಾಳ ಹಾಕುತ್ತದೆ. ‘ನಮಗೆ ಬೀಟ್ ಸಾಕು, ಮಾತು ಯಾಕೆ’ ಎನ್ನುವ ಗೆಳೆಯರೊಡನೆ ನನ್ನ ಜಗಳ ಇರುವುದು ಇಲ್ಲೇ.

ಸಂಕಲನದ ಅರ್ಧದಷ್ಟು ಹಾಡುಗಳನ್ನು ನಾನು ಮತ್ತೆ ಹಾಕುವುದಿಲ್ಲ. ಅವು ಸರತಿಯಲ್ಲಿ ಜಾಗ ಸಿಕ್ಕಿತೆಂದು ಹಾಡಿದಂಥವು. ಇದೇ ಚಪ್ಪಾಳೆಯ ಮೇಲೆ ನ್ಯೂಯಾರ್ಕಿನ ಲುಮಿಡಿ 2003ರಲ್ಲಿ, ಪಳಗದ ತೆಳು ದನಿಯಲ್ಲಿ, ಶ್ರುತಿಯ ಅಂಚಿನಲ್ಲೇ ತೂಗಾಡುತ್ತ ಹಾಡಿದ್ದು ಮಾತ್ರ ಈಗಲೂ ಬೇಕೆನಿಸುತ್ತದೆ.