ವೀಡಿಯೊ ಕಡತಗಳ ಸಂಗ್ರಹ: ಹಿಗ್ಗುವ ಪೆಟ್ಟಿಗೆ ಸಾಕೆ?

ದಕ್ಷಿಣ ಕೊಡಗಿನ ಬಾಳೆಲೆ, ನಾಗರಹೊಳೆ ಕಾಡಿಗೆ ಸಮೀಪದ ಊರು. ಅಲ್ಲಿ ಮದುವೆಗಳನ್ನು ಚಿತ್ರೀಕರಿಸುವ ಯುವಕರು ಹುತ್ತರಿ ಕೋಲಾಟವನ್ನೂ ದುಡಿ ಬಡಿಯುತ್ತ ಹಿರಿಯರು ಹಾಡುವ ಹಾಡುಗಳನ್ನೂ ವೀಡಿಯೊ ಮಾಡಿಡುತ್ತಾರೆ ಎಂದುಕೊಳ್ಳೋಣ. ಕೊಡವ ಭಾಷೆಯನ್ನು ಯುನೆಸ್ಕೊ ಅಳಿವಿನ ಅಪಾಯದಲ್ಲಿರುವ ಭಾಷೆಗಳ ಪಟ್ಟಿಗೆ ಸೇರಿಸಿದೆ. ಮದುವೆ ಊಟದ ದೃಶ್ಯ ಕಳೆದುಹೋದರೆ ಬೇಸರವಷ್ಟೇ. ಎಂಬತ್ತೈದು ವರ್ಷದ ಅಜ್ಜನ ಹಾಡು ಕಳೆದುಹೋದರೆ ಮತ್ತೆ ಚಿತ್ರೀಕರಿಸಲು ಅಜ್ಜ ಇರುವುದಿಲ್ಲ.

ಇಂಥ ಕಡತಗಳನ್ನು ಎಲ್ಲಿ ಇಡಬೇಕು? ಕೇಳಿದವರಿಗೆಲ್ಲ ಸಿಗುವ ಸಿದ್ಧ ಉತ್ತರ ಒಂದೇ: 'ನಾಲ್ಕೈದು ಹಾರ್ಡ್ ಡಿಸ್ಕ್ ಹಿಡಿಸುವ ಪೆಟ್ಟಿಗೆ ಕೊಳ್ಳಿ, ತುಂಬಿದಾಗ ಇನ್ನೊಂದು ಡಿಸ್ಕ್ ಸೇರಿಸಿ, ಒಂದು ಕೆಟ್ಟರೂ ಮಾಹಿತಿ ಉಳಿಯುತ್ತದೆ.' ಈ ಸಲಹೆಯಲ್ಲಿ ನಿಜ ಎಷ್ಟು, ಭ್ರಮೆ ಎಷ್ಟು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲು ಲೆಕ್ಕ

ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ದಾಖಲಿಸುವ ಕ್ಯಾಮರಾ ಸೆಕೆಂಡಿಗೆ 12.5 ಮೆಗಾಬೈಟ್, ಗಂಟೆಗೆ 45 ಗಿಗಾಬೈಟ್ ಮಾಹಿತಿ ಸೃಷ್ಟಿಸುತ್ತದೆ. ವರ್ಷಕ್ಕೆ 40 ಗಂಟೆ ಚಿತ್ರೀಕರಿಸಿದರೆ 1.8 ಟೆರಾಬೈಟ್, ಐದು ವರ್ಷಕ್ಕೆ 9 ಟೆರಾಬೈಟ್. ಸಂಗ್ರಹ ಬೆಳೆಯುತ್ತಲೇ ಹೋಗುವುದು ಖಚಿತ. ಆದ್ದರಿಂದ 'ಹಿಗ್ಗುವ' ಗುಣ ಬೇಕೆನ್ನುವುದು ತಪ್ಪಲ್ಲ. ತಪ್ಪಿರುವುದು ಅದನ್ನೇ ಮೊದಲ ಪ್ರಶ್ನೆಯಾಗಿಸುವುದರಲ್ಲಿ.

ಪೆಟ್ಟಿಗೆಯೊಳಗಿನ ಗಣಿತ

ಈ ಪೆಟ್ಟಿಗೆಗಳ ಹಿಂದಿರುವ ತತ್ತ್ವಕ್ಕೆ 'ರೇಡ್' ಎಂದು ಹೆಸರು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನು ಪ್ರಸಿದ್ಧಗೊಳಿಸಿತು. ಮೂರು ಡಿಸ್ಕ್‌ಗಳಲ್ಲಿ ಒಂದೇ ಸ್ಥಾನದ ಬಿಟ್‌ಗಳು 1, 0, 1 ಎಂದಿರಲಿ. ಅವುಗಳಲ್ಲಿ 1ಗಳ ಸಂಖ್ಯೆ ಸಮವಾಗಿರುವುದರಿಂದ ನಾಲ್ಕನೆಯ ಡಿಸ್ಕ್‌ನಲ್ಲಿ 0 ಬರೆಯಲಾಗುತ್ತದೆ, ಬೆಸವಾಗಿದ್ದರೆ 1. ಈಗ ಎರಡನೆಯ ಡಿಸ್ಕ್ ಕೆಟ್ಟಿತೆನ್ನಿ. ಉಳಿದ 1, 1, 0 ನೋಡಿದರೆ ಕಳೆದುಹೋದ ಬಿಟ್ 0 ಎಂದು ಹೇಳಬಹುದು. ವಿದ್ಯಾರ್ಥಿಗಳು ಬೇರೆ ಬಿಟ್‌ಗಳನ್ನು ಹಾಕಿ ಪರೀಕ್ಷಿಸಬಹುದು. ಸುಂದರವಾದ ಉಪಾಯ ಇದು.

ಆದರೆ ಈ ಉಪಾಯ ಕಾಪಾಡುವುದು ಡಿಸ್ಕ್ ಕೆಡುವ ಒಂದೇ ಒಂದು ಅಪಾಯದಿಂದ. ಕೈತಪ್ಪಿ ಕಡತ ಅಳಿಸಿದರೆ ಪೆಟ್ಟಿಗೆ ಆ ಅಳಿಸುವಿಕೆಯನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕ್‌ಗಳಿಗೂ ದಾಖಲಿಸುತ್ತದೆ. ಸಿಡಿಲು, ಕಳ್ಳತನ, ವೈರಸ್, ನೆರೆ ಇವು ಡಿಸ್ಕ್‌ಗಳನ್ನು ಒಂದೊಂದಾಗಿ ಎಣಿಸುವುದಿಲ್ಲ. 1998ರಲ್ಲಿ 'ಟಾಯ್ ಸ್ಟೋರಿ 2' ಚಿತ್ರದ ಕಡತಗಳು ತಪ್ಪು ಆದೇಶವೊಂದರಿಂದ ಅಳಿಸಿಹೋದವು. ಬ್ಯಾಕಪ್ ಕೂಡ ಸರಿಯಾಗಿರಲಿಲ್ಲವೆಂದು ಆಗಲೇ ತಿಳಿದದ್ದು. ಚಿತ್ರವನ್ನು ಉಳಿಸಿದ್ದು ತಂಡದ ಸದಸ್ಯೆಯೊಬ್ಬರು ಮನೆಯಿಂದ ಕೆಲಸ ಮಾಡಲು ಇಟ್ಟುಕೊಂಡಿದ್ದ ಪ್ರತಿ.

ಇನ್ನೊಂದು ಲೆಕ್ಕ. ತಲಾ 8 ಟೆರಾಬೈಟ್‌ನ ನಾಲ್ಕು ಡಿಸ್ಕ್‌ಗಳಲ್ಲಿ ಒಂದು ಕೆಟ್ಟರೆ, ಹೊಸದನ್ನು ತುಂಬಲು ಉಳಿದ ಮೂರನ್ನೂ ಪೂರ್ತಿ ಓದಬೇಕು. ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲೂ ಇದಕ್ಕೆ ಸುಮಾರು 15 ಗಂಟೆ ಬೇಕು. ಆಷಾಢದ ಮಳೆಯಲ್ಲಿ ಕೊಡಗಿನಲ್ಲಿ 15 ಗಂಟೆ ಎಡೆಬಿಡದೆ ವಿದ್ಯುತ್ ಇರುತ್ತದೆಂದು ಯಾರು ಹೇಳಬಲ್ಲರು? ಅಗ್ಗದ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ '10ರ ಘಾತ 14 ಬಿಟ್‌ಗಳಿಗೆ ಒಂದು ಓದುದೋಷ' ಎಂದಿರುತ್ತದೆ. ಅಂದರೆ 12.5 ಟೆರಾಬೈಟ್‌ಗೆ ಒಂದು. ಇಲ್ಲಿ ಓದಬೇಕಾದದ್ದು 24 ಟೆರಾಬೈಟ್. ಸುಮಾರು ಎರಡು ದೋಷ ನಿರೀಕ್ಷಿಸಬೇಕಾಯಿತು. ಇದನ್ನು ಹಿಡಿದು 'ಮರುಪೂರಣ ವಿಫಲವಾಗುವುದೇ ಖಚಿತ' ಎಂದು ಬರೆಯುವವರೂ ಇದ್ದಾರೆ. ಅದು ಅತಿಶಯ. ಆ ಅಂಕಿ ತಯಾರಕರು ಹಾಕಿಕೊಂಡ ಮಿತಿಯೇ ಹೊರತು ಅಳತೆಯಲ್ಲ. ಡಿಸ್ಕ್‌ಗಳು ಸಾಮಾನ್ಯವಾಗಿ ಅದಕ್ಕಿಂತ ಚೆನ್ನಾಗಿ ನಡೆದುಕೊಳ್ಳುತ್ತವೆ. ಹೆದರಿಸುವ ಲೆಕ್ಕವನ್ನೂ ಮಾರುವವರ ಭರವಸೆಯಷ್ಟೇ ಅನುಮಾನದಿಂದ ನೋಡಬೇಕು.

ಹಿಗ್ಗುವುದರ ಬೆಲೆ

2007ರಲ್ಲಿ ಮಾರುಕಟ್ಟೆಗೆ ಬಂದ 'ಡ್ರೋಬೊ' ಈ ಬಗೆಯ ಪೆಟ್ಟಿಗೆಗಳಲ್ಲಿ ಹೆಸರುವಾಸಿಯಾಗಿತ್ತು. ಬೇರೆ ಬೇರೆ ಗಾತ್ರದ ಡಿಸ್ಕ್‌ಗಳನ್ನು ಸೇರಿಸಬಹುದಾಗಿದ್ದುದೇ ಅದರ ಆಕರ್ಷಣೆ. ಅದಕ್ಕಾಗಿ ಅದು ಬಳಸಿದ್ದು ತನ್ನದೇ ಗುಟ್ಟಿನ ವಿನ್ಯಾಸ. ಡಿಸ್ಕ್‌ಗಳನ್ನು ಹೊರತೆಗೆದು ಸಾಮಾನ್ಯ ಗಣಕಕ್ಕೆ ಜೋಡಿಸಿದರೆ ನೇರವಾಗಿ ಓದಲಾಗದು. ಅದರ ಒಡೆತನದ ಕಂಪನಿ 2022ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. 2023ರಲ್ಲಿ ಮುಚ್ಚುವ ಪ್ರಕ್ರಿಯೆಗೆ ಒಳಗಾಯಿತು. ಪೆಟ್ಟಿಗೆ ಕೆಟ್ಟವರ ಪಾಲಿಗೆ ಡಿಸ್ಕ್‌ಗಳು ಸರಿಯಿದ್ದೂ ಬೀಗ ಬಿದ್ದ ಕೋಣೆಯಾದವು. ಹೀಗಾಗಿ ಮೊದಲ ಪ್ರಶ್ನೆ 'ಎಷ್ಟು ಹಿಗ್ಗುತ್ತದೆ?' ಎಂಬುದಲ್ಲ, 'ಈ ಪೆಟ್ಟಿಗೆ ಇಲ್ಲದೆಯೂ ಇದನ್ನು ಓದಬಹುದೆ?' ಎಂಬುದು. ಲಿನಕ್ಸ್‌ನ ಮುಕ್ತ ತಂತ್ರಾಂಶ ಬಳಸುವ ಪೆಟ್ಟಿಗೆಗಳು ಈ ಪರೀಕ್ಷೆಯಲ್ಲಿ ಹೆಚ್ಚು ಅಂಕ ಗಳಿಸುತ್ತವೆ.

ಬ್ಯಾಕಪ್ ಬೇರೆ, ಭಂಡಾರ ಬೇರೆ ಎಂಬುದನ್ನೂ ಸಲಹೆಗಾರರು ಮರೆಯುತ್ತಾರೆ. ದಿನವೂ ಬದಲಾಗುವ ಕಡತಗಳ ಪ್ರತಿ ಬ್ಯಾಕಪ್. ಮುಗಿದ, ಇನ್ನು ಬದಲಾಗಬಾರದ ಕಡತಗಳದ್ದು ಭಂಡಾರ. ಉಣ್ಣುವ ಭತ್ತವನ್ನು ಪತ್ತಾಯದಲ್ಲಿ ಸುರಿದರೂ ಬಿತ್ತನೆ ಬೀಜವನ್ನು ರೈತ ಬೇರೆಯಾಗಿಯೇ ಕಟ್ಟಿಡುತ್ತಾನೆ. ಪತ್ತಾಯ ದೊಡ್ಡದಾಯಿತೆಂದು ಬೀಜವನ್ನೂ ಅದಕ್ಕೇ ಸುರಿಯುವುದಿಲ್ಲ.

ಉಳಿದ ದಾರಿಗಳು

ದೊಡ್ಡ ಸ್ಟುಡಿಯೊಗಳು ನೆಚ್ಚಿಕೊಂಡಿರುವುದು ಎಲ್‌ಟಿಒ ಎಂಬ ಕಾಂತೀಯ ಟೇಪನ್ನು. ಎಂಟನೆಯ ಪೀಳಿಗೆಯದು 12, ಒಂಬತ್ತನೆಯದು 18 ಟೆರಾಬೈಟ್ ಹಿಡಿಸುತ್ತದೆ. ತಯಾರಕರು 30 ವರ್ಷ ಬಾಳಿಕೆ ಹೇಳುತ್ತಾರೆ. ಆದರೆ ದೀರ್ಘಕಾಲ ಇಡಲು ಸಾಪೇಕ್ಷ ಆರ್ದ್ರತೆ ಶೇಕಡ 50ನ್ನು ಮೀರಬಾರದು. ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುವ ಕೊಡಗಿನ ಮಳೆಗಾಲದಲ್ಲಿ ಇದು ಸುಲಭವಲ್ಲ. ಟೇಪಿನ ಬೆಲೆ ಸಾವಿರಗಳಲ್ಲಾದರೆ ಓದುವ ಯಂತ್ರದ್ದು ಲಕ್ಷಗಳಲ್ಲಿ. ಮೇಲಾಗಿ 2025ರಲ್ಲಿ ಬಂದ ಹತ್ತನೆಯ ಪೀಳಿಗೆಯ ಯಂತ್ರ ಒಂಬತ್ತನೆಯದರ ಟೇಪನ್ನು ಓದುವುದಿಲ್ಲ. ಟೇಪು ಬಾಳಿದರೂ ಯಂತ್ರ ಬಾಳಬೇಕಲ್ಲ?

ಎಸ್‌ಎಸ್‌ಡಿ ವೇಗದ್ದು, ಕೆಲಸಕ್ಕೆ ಒಳ್ಳೆಯದು. ಆದರೆ ಅದು ಮಾಹಿತಿಯನ್ನು ಹಿಡಿದಿಡುವುದು ವಿದ್ಯುದಾವೇಶದಲ್ಲಿ. ಬರೆದು ಬರೆದು ಸವೆದ ಎಸ್‌ಎಸ್‌ಡಿ ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕೆಂಬುದು ಉದ್ಯಮದ ಮಾನದಂಡ. ಕಪಾಟಿನಲ್ಲಿ ಮರೆತಿಡಲು ಅದು ತಕ್ಕದ್ದಲ್ಲ. ಬರೆಯಬಲ್ಲ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ಸೋನಿ 2025ರಲ್ಲಿ ನಿಲ್ಲಿಸಿತು. ಇನ್ನು ಅಂತರಜಾಲದ ಸಂಗ್ರಹ: ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ 1.8 ಟೆರಾಬೈಟ್ ಏರಿಸಲು ಹಗಲಿರುಳು ಸೇರಿ ಎಂಟು ದಿನ ಎಂಟು ಗಂಟೆ ಬೇಕು. ಬಾಡಿಗೆ ನಿಲ್ಲಿಸಿದ ದಿನ ಸಂಗ್ರಹವೂ ನಿಲ್ಲುತ್ತದೆ.

ಬಾಳೆಲೆಗೆ ಯಾವುದು?

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚುರಪಡಿಸಿದ 3-2-1 ಸೂತ್ರ ಇಲ್ಲಿ ನೆರವಾಗುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತಗಳನ್ನು ಕಂಡವರಿಗೆ ಕೊನೆಯ ಅಂಶವನ್ನು ವಿವರಿಸಬೇಕಾಗಿಲ್ಲ.

ಪ್ರತಿ ವರ್ಷದ ಕಡತಗಳಿಗೆ ಎರಡು ಸಾಮಾನ್ಯ ಹಾರ್ಡ್ ಡಿಸ್ಕ್. ಒಂದು ಮನೆಯಲ್ಲಿ, ಇನ್ನೊಂದು ಮೈಸೂರಿನ ನೆಂಟರಲ್ಲಿ. ಎರಡಕ್ಕೂ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್. ಆರಿಸಿದ ಆರು ಗಂಟೆಯ ಹಾಡುಗಳು 270 ಗಿಗಾಬೈಟ್. ಅವನ್ನು ಮಾತ್ರ ಅಂತರಜಾಲಕ್ಕೆ ಏರಿಸಲು 30 ಗಂಟೆ ಸಾಕು. ಮುಂದಿನ ವರ್ಷ ಮತ್ತೊಂದು ಜೊತೆ ಡಿಸ್ಕ್. ಹಿಗ್ಗುವಿಕೆ ಪೆಟ್ಟಿಗೆಯ ಗುಣವಾಗಬೇಕಿಲ್ಲ, ಪದ್ಧತಿಯ ಗುಣವಾದರೆ ಸಾಕು. ಸಂಕಲನದ ಕೆಲಸಕ್ಕೆ ಪೆಟ್ಟಿಗೆ ಇರಲಿ, ಯುಪಿಎಸ್ ಜೊತೆಗೆ. ಅದನ್ನು ಭಂಡಾರವೆಂದು ಕರೆಯುವುದು ಬೇಡ.

ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಮೊತ್ತವನ್ನು ಲೆಕ್ಕ ಹಾಕಿ ಪಟ್ಟಿ ಮಾಡಿಡಬೇಕು. 64 ಅಕ್ಷರಾಂಕಗಳ ಈ ಮೊತ್ತ, ಕಡತದಲ್ಲಿ ಒಂದೇ ಬಿಟ್ ಬದಲಾದರೂ ಗುರುತು ಸಿಗದಷ್ಟು ಬದಲಾಗುತ್ತದೆ. ವರ್ಷಕ್ಕೊಮ್ಮೆ ಡಿಸ್ಕ್ ಓದಿಸಿ ತಾಳೆ ನೋಡಿದರೆ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ಇನ್ನೊಂದು ಪ್ರತಿಯಿಂದ ಸರಿಪಡಿಸಬಹುದು. ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕ್‌ಗೆ ವರ್ಗಾಯಿಸಬೇಕು. ಶಾಲೆಯ ವಿಜ್ಞಾನ ಸಂಘ ಈ ವಾರ್ಷಿಕ ತಾಳೆಯನ್ನು ಒಂದು ಚಟುವಟಿಕೆಯಾಗಿ ವಹಿಸಿಕೊಳ್ಳಬಹುದು. ಪದ್ಧತಿಯ ದೌರ್ಬಲ್ಯವೂ ಇಲ್ಲೇ ಇದೆ. ಯಂತ್ರ ನೆನಪಿಸುವುದಿಲ್ಲ, ಮನುಷ್ಯನೇ ನೆನಪಿಡಬೇಕು.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆ ಕಂಡಿತು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದಕ್ಕೆ ಹತ್ತು ವರ್ಷ ಮೊದಲು, 1924ರಲ್ಲಿ, ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು ಸಂಗ್ರಹಿಸಿ 'ಪಟ್ಟೋಲೆ ಪಳಮೆ' ಅಚ್ಚು ಹಾಕಿಸಿದರು. ಅದು ಇಂದಿಗೂ ಓದಲು ಸಿಗುತ್ತದೆ. ಕಾಗದವೇನೂ ಫಿಲ್ಮಿಗಿಂತ ಗಟ್ಟಿಯಲ್ಲ, ಅದೂ ಕೊಡಗಿನ ಮಳೆಯಲ್ಲಿ. ಆದರೆ ಅಚ್ಚಾದ ಪುಸ್ತಕ ಹಲವು ಪ್ರತಿಗಳಾಗಿ ಹಲವು ಕೈ ಸೇರುತ್ತದೆ, ಓದಲು ಯಾವ ಕಂಪನಿಯ ಯಂತ್ರವೂ ಬೇಕಿಲ್ಲ. ಡಿಸ್ಕ್ ಕೊಳ್ಳಲು ಹೊರಟವರು ನೆನಪಿಡಬೇಕಾದದ್ದು ಇಷ್ಟೇ.