ಬತ್ತೇರಿಯ ಟಿಕೇಟು, ಮೂಲೆಹೊಳೆಯ ಗೇಟು

ವಯನಾಡಿನ ಸುಲ್ತಾನ್ ಬತ್ತೇರಿಯಿಂದ ಮುತ್ತಂಗ, ಮೂಲೆಹೊಳೆಗಳನ್ನು ಹಾದು ಗುಂಡ್ಲುಪೇಟೆಗೆ ಬರುವ 766ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಬಂಡೀಪುರದ ವನ್ಯಮೃಗಗಳ ಕ್ಷೇಮಾರ್ಥವಾಗಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ, ಅನುಮತಿ ಪಡೆದ ಕೆಲವೇ ವಾಹನಗಳ ಹೊರತು, ವಾಹನಸಂಚಾರ ನಿಷಿದ್ಧವಾಗಿರುವುದು ಆ ಸೀಮೆಯ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಬಸ್ಸಿನ ಯಜಮಾನರೊಬ್ಬರ ಟಿಕೇಟಿನ ಜಾಲತಾಣಕ್ಕೆ ಅದು ಅರ್ಧವಷ್ಟೇ ತಿಳಿದಿತ್ತು: ಮಲಯಾಳದ ಪುಟದಲ್ಲಿ ಒಂಬತ್ತೂವರೆಯ ಬಸ್ಸೇ ಇಲ್ಲ, ಕನ್ನಡದ ಪುಟದಲ್ಲಿ ಅದಕ್ಕೆ ಸೀಟು ಧಾರಾಳ. ಕನ್ನಡವನ್ನು ನಂಬಿ ಹಣ ತೆತ್ತ ನಾನು ಆ ರಾತ್ರಿಯನ್ನು ಬತ್ತೇರಿಯ ಸ್ಟ್ಯಾಂಡಿನಲ್ಲಿ ಕಳೆದೆನು.

ಆ ಜಾಲತಾಣವನ್ನು ಬರೆದ ತರುಣನು ಮರುದಿನ ಕಡತಗಳನ್ನು ತೆರೆದು ತೋರಿದಾಗ ಕಾರಣವು ಸ್ಪಷ್ಟವಾಯಿತು. ವೇಳೆಯನ್ನು ಪರೀಕ್ಷಿಸುವ ಪಿಎಚ್‌ಪಿಯ ಎರಡು ಸಾಲುಗಳು, ಕೋಷ್ಟಕಕ್ಕೆ ಬಣ್ಣ ಬಳಿಯುವ ಎಚ್‌ಟಿಎಂಎಲ್‌ನ ನಡುವೆ, ಮಲಯಾಳದ ಕಡತದಲ್ಲಿ ಮಾತ್ರ ಹುದುಗಿದ್ದುವು.

ತರ್ಕವನ್ನೂ ತೋರಿಕೆಯನ್ನೂ ಬೇರ್ಪಡಿಸಬೇಕೆಂಬ ವಿಚಾರ 1979ರಷ್ಟು ಹಿಂದಿನದು; ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ ಆ ವರ್ಷವೇ ಮಾಡೆಲ್, ವ್ಯೂ, ಕಂಟ್ರೋಲರ್ ಎಂಬ ವಿಭಾಗಕ್ರಮವನ್ನು ರೂಪಿಸಿದ್ದರು. ಆದರೆ ಉಪದೇಶದಿಂದ ಶಿಸ್ತು ಬಾರದೆಂದು ಕಂಡುಕೊಂಡವರು, ಪುಟದ ಅಚ್ಚಿಗೆ, ಅಂದರೆ ಟೆಂಪ್ಲೇಟಿಗೆ, ಮಾಹಿತಿ ತುಂಬಿಕೊಡುವ ಸ್ಟ್ರಿಂಗ್‌ಟೆಂಪ್ಲೇಟ್ ಎಂಬ ತಂತ್ರಾಂಶದ ಕರ್ತೃ ಟೆರೆನ್ಸ್ ಪಾರ್. ಟೆಂಪ್ಲೇಟಿಗೆ ಕೂಡುವ, ಹೋಲಿಸುವ ಅಧಿಕಾರವನ್ನೇ ಕೊಡದೆ, ಬಡಿಸಿದ್ದು ಇದೆಯೋ ಇಲ್ಲವೋ ಎಂದಷ್ಟೇ ನೋಡಗೊಡಬೇಕೆಂದು 2004ರ ತಮ್ಮ ಪ್ರಬಂಧದಲ್ಲಿ ಅವರು ಹಿಡಿದ ಹಟ, ಹಲವರಿಗೆ ಮಡಿವಂತಿಕೆಯಾಗಿ ಕಂಡಿದ್ದರೂ, ಸ್ಟ್ಯಾಂಡಿನ ಬೆಂಚಿನ ಮೇಲೆ ಮಲಗಿದ್ದ ನನಗೆ ನ್ಯಾಯವಾಗಿಯೇ ತೋರುತ್ತದೆ. ಗೇಟು ಮುಚ್ಚಿದೆಯೆಂಬುದು ಯಾವ ಭಾಷೆಯಲ್ಲಿಯೂ ಒಂದೇ ಸತ್ಯವಷ್ಟೆ.

ತರ್ಕ, ತೋರಿಕೆಗಳ ನಡುವಣ ಗೋಡೆಯನ್ನು ಎಲ್ಲಿ ಕಟ್ಟಬೇಕೆಂಬಲ್ಲಿ ಮಾತ್ರ ನನಗೆ ತಕರಾರುಂಟು. ಅದೇ ಜಾಲತಾಣದಲ್ಲಿ ಊರಿನ ಹೆಸರಿಗೆ ‘ಗೆ’ ಹಚ್ಚುವ ಟೆಂಪ್ಲೇಟು ಗುಂಡ್ಲುಪೇಟೆಗೆ, ಬತ್ತೇರಿಗೆ ಎಂದು ಸರಿಯಾಗಿಯೇ ನುಡಿದು, ಮುಂದಿನ ಸಾಲಿನಲ್ಲಿ ‘ಮೈಸೂರುಗೆ’ ಎಂದು ತೊದಲುತ್ತದೆ, ‘ಚಾಮರಾಜನಗರಗೆ’ ಎಂದು ಮುಗ್ಗರಿಸುತ್ತದೆ. ವಿಭಕ್ತಿಯನ್ನು ತರ್ಕವೆನ್ನೋಣವೆ, ಅಲಂಕಾರವೆನ್ನೋಣವೆ? ಬಸ್ಸಿನ ವೇಳೆಯನ್ನು ಕಾಯುವ ಭಾಗಕ್ಕೆ ವ್ಯಾಕರಣದ ಗೊಡವೆಯಿರಕೂಡದು. ಕೂಡಿ ಕಳೆಯಲಾರದ ಟೆಂಪ್ಲೇಟಿಗೆ ಸಂಧಿಯ ಶಕ್ತಿಯೂ ಇಲ್ಲ. ದಿನಾಂಕ, ಅಂಕಿಗಳ ರೂಪವನ್ನು ತೀರ್ಮಾನಿಸಲೆಂದು ಸ್ಟ್ರಿಂಗ್‌ಟೆಂಪ್ಲೇಟಿನಲ್ಲಿ ರೆಂಡರರ್ ಎಂಬ ಮೂರನೆಯ ಅಂಗವೊಂದಿದೆ. ಚತುರ್ಥಿಯ ಮನೆಯೂ ಅದೇ ಆಗಬೇಕು. ಆಂಗ್ಲದಲ್ಲಿ ಹೆಸರಿಗೆ ಮೊದಲು ‘ಟು’ ಇಟ್ಟು ಕೈತೊಳೆದುಕೊಳ್ಳುವವರಿಗೆ ಈ ಅಂಗದ ಅಗತ್ಯ ಅಷ್ಟಾಗಿ ಹೊಳೆಯದು.

ತರುಣನು ವೇಳೆಯ ನಿಯಮವನ್ನು ಒಂದೇ ಕಡತಕ್ಕೆ ಸೇರಿಸಿ ಎರಡು ಪುಟಗಳಿಗೂ ಅಲ್ಲಿಂದಲೇ ಉಣಿಸಿದ್ದಾನೆ; ರಾತ್ರಿಯ ಬಸ್ಸು ಕನ್ನಡದಲ್ಲಿಯೂ ಮಾಯವಾಗಿದೆ. ಹಗಲಿನದು ಈಗಲೂ ‘ಮೈಸೂರುಗೆ’ ಹೊರಡುತ್ತದೆ.